ಜಡ್ಜ್ ಆದವರು ಒಳ್ಳೆಯ ಮಾಸ್ತರಾಗುತ್ತಾರಾ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವಳು. ಕಲಬುರಗಿಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಈ ಸಲ ನಮಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಪಾಠಕ್ಕೆ ಬರುತ್ತಾರೆ. ನೋಟ್ಸ್ ಬರೆಸುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಅರ್ಧ ಕ್ಲಾಸಿಗೆ ಅವರು ಇಷ್ಟವಿಲ್ಲ, ನನಗೆ ಇಷ್ಟ. ನನಗೂ ಜಡ್ಜ್ ಆಗಬೇಕು, ಆಮೇಲೆ ಪಾಠ ಮಾಡಬೇಕು ಅಂತ ಆಸೆ. ಮನೆಯಲ್ಲಿ 'ಎರಡು ದೋಣಿ ಮೇಲೆ ಕಾಲಿಡಬೇಡ' ಅಂತಾರೆ. ಈ ದಾರಿ ಹೇಗಿರುತ್ತದೆ? ಜಡ್ಜ್ ಆದವರು ನಿಜವಾಗಿಯೂ ಒಳ್ಳೆಯ ಮಾಸ್ತರಾಗುತ್ತಾರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಜಡ್ಜ್ ಆದವರು ಒಳ್ಳೆಯ ಮಾಸ್ತರಾಗಬಹುದು. ಆದರೆ ನಿವೃತ್ತಿಯಾದ ಮರುದಿನ ತಾವಾಗಿಯೇ ಆಗಿಬಿಡುವುದಿಲ್ಲ. ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಕೆಲವು ವರ್ಷ ವಕೀಲಿ ಮಾಡಿ, ಮುನ್ಸಿಫ್, ಅಂದರೆ ಈಗಿನ ಸಿವಿಲ್ ಜಡ್ಜ್ ಆಗಿ ಸೇರಿ, ಜಿಲ್ಲಾ ನ್ಯಾಯಾಧೀಶನಾಗಿ ನಿವೃತ್ತನಾದೆ. ಈಗ ಕಲಬುರಗಿಯಲ್ಲಿ ಕಾನೂನು ಓದುವ ಹುಡುಗರಿಗೆ ಪಾಠ ಮಾಡುತ್ತೇನೆ. ಈ ಎರಡು ಕೆಲಸಗಳ ನಡುವೆ ಎಷ್ಟು ದೂರವಿದೆ ಅಂತ ನನಗೆ ಮೊದಲ ತಿಂಗಳಲ್ಲೇ ತಿಳಿಯಿತು.

ಮೊದಲ ಕ್ಲಾಸು ಸಾಕ್ಷ್ಯ ಕಾಯ್ದೆಯದು. ಎರಡನೇ ಬೆಂಚಿನ ಹುಡುಗನಿಗೆ "ಸಾಕ್ಷ್ಯ ಅಂದ್ರ ಏನಪ್ಪಾ?" ಅಂತ ಕೇಳಿದೆ. ನನ್ನ ದನಿ ಇನ್ನೂ ಕೋರ್ಟಿನ ದನಿಯೇ ಆಗಿತ್ತು. ಹುಡುಗ ಎದ್ದು ಕೈಮುಗಿದು ನಿಂತ. "ತಪ್ಪಾತ್ರೀ ಸರ್" ಅಂದ. ಅವನು ಇನ್ನೂ ಉತ್ತರವನ್ನೇ ಹೇಳಿರಲಿಲ್ಲ, ಆಗಲೇ ತಪ್ಪೊಪ್ಪಿಕೊಂಡಿದ್ದ. ಅವತ್ತು ಇಡೀ ಗಂಟೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಶಿಸ್ತಿನ ಕ್ಲಾಸು ಅಂತ ನಾನು ಸಂತೋಷದಿಂದ ಮನೆಗೆ ಹೋದೆ.

ಮೂರನೇ ವಾರ ಒಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು. "ಸರ್, ಒಂದು ಮಾತು ಹೇಳ್ಲೇನ್ರೀ? ಯಾರರೆ ಉತ್ತರ ಹೇಳಿದಾಗ ನೀವು ತಲಿ ಅಲ್ಲಾಡ್ಸಿದ್ರ ಎಲ್ಲಾರೂ ಬರ್ಕೋತಾರ. ನೀವು ಸುಮ್ನಿದ್ರ ಬರ್ದಿದ್ದು ಹೊಡದು ಹಾಕ್ತಾರ. ಯಾರೂ ವಿಚಾರ ಮಾಡವಲ್ರು" ಅಂದಳು. ಆ ಮಾತು ನನಗೆ ನಾಟಿತು. ಕೋರ್ಟಿನಲ್ಲಿ ಜಡ್ಜ್ ಮುಖ ನೋಡಿ ವಾದದ ದಿಕ್ಕು ತಿರುಗಿಸುವ ವಕೀಲರನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಇಲ್ಲಿ ನಲವತ್ತು ಹುಡುಗರು ಅದನ್ನೇ ಕಲಿಯುತ್ತಿದ್ದರು, ಕಲಿಸುತ್ತಿದ್ದವನು ನಾನೇ.

ಜಡ್ಜ್ ಪ್ರಶ್ನೆ ಕೇಳುವುದು ತಾನು ತೀರ್ಮಾನಕ್ಕೆ ಬರಲಿಕ್ಕೆ. ಮಾಸ್ತರು ಪ್ರಶ್ನೆ ಕೇಳುವುದು ಎದುರಿಗಿರುವವರು ತೀರ್ಮಾನಕ್ಕೆ ಬರಲಿ ಅಂತ. ಕೇಳುವ ಮಾತು ಒಂದೇ ಇರಬಹುದು, ಕೆಲಸ ಮಾತ್ರ ಪೂರ್ತಿ ಬೇರೆ. ಮುಂದಿನ ವಾರದಿಂದ ನಾನು ಕೊನೆಯ ಬೆಂಚಿನಲ್ಲಿ ಕೂತೆ. ಒಬ್ಬರು ಮುಂದೆ ನಿಂತು ವಾದಿಸಬೇಕು, ಇನ್ನೊಬ್ಬರು ಎದುರು ಹೇಳಬೇಕು, ಮೂರನೆಯವರು ತೀರ್ಮಾನ ಕೊಟ್ಟು ಕಾರಣ ಹೇಳಬೇಕು. ನನ್ನ ಮುಖ ಅವರಿಗೆ ಕಾಣಿಸಬಾರದು, ಅಷ್ಟೇ ನನ್ನ ಉದ್ದೇಶ. ನಿಮ್ಮ ಮಾಸ್ತರು ಬರೀ ಪ್ರಶ್ನೆ ಕೇಳುತ್ತಾರೆ ಅಂದಿರಲ್ಲ, ಅವರು ಉತ್ತರ ಕೇಳಿದ ಮೇಲೆ ಏನು ಮಾಡುತ್ತಾರೆ ಅಂತ ಗಮನಿಸಿ. 'ಯಾಕೆ' ಅಂತ ಇನ್ನೊಂದು ಸಲ ಕೇಳಿದರೆ ನಿಮ್ಮ ಕ್ಲಾಸಿಗೆ ಒಳ್ಳೆಯ ಮಾಸ್ತರು ಸಿಕ್ಕಿದ್ದಾರೆ.

ಹಾಗಾದರೆ ಜಡ್ಜ್ ಆದವರು ಕ್ಲಾಸಿಗೆ ಏನು ತರಬಲ್ಲರು? ಸೆಕ್ಷನ್ನುಗಳನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಿಜ ಹೇಳಬೇಕೆಂದರೆ ಅದರಲ್ಲಿ ನಮ್ಮಂಥವರು ಹಿಂದೆಯೇ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸರ್ವಿಸ್ ಪೂರ್ತಿ ನನ್ನ ನಾಲಿಗೆಗೆ ಕೊಲೆ ಅಂದರೆ 302. ಈಗ ಕೊಲೆಯ ಶಿಕ್ಷೆ ಇರುವುದು 103ರಲ್ಲಿ. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಆಡಿದ ಮಾತಿಗೆ ಸಂಬಂಧಿಸಿದ್ದು. ಆರೋಪಿಯನ್ನು ಜಡ್ಜ್ ನೇರವಾಗಿ ಪ್ರಶ್ನಿಸುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351 ಆಗಿದೆ. ಎಲೆಕ್ಟ್ರಾನಿಕ್ ದಾಖಲೆಗೆ ಸರ್ಟಿಫಿಕೇಟ್ ಕೇಳುವ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಇದನ್ನೆಲ್ಲ ನಾನು ವಿದ್ಯಾರ್ಥಿಗಳ ಜೊತೆ ಕೂತೇ ಕಲಿತೆ.

ಜಡ್ಜ್ ಆದವರ ಬಳಿ ಇರುವುದು ಬೇರೆ. ಜನರ ಬಾಯಿಂದ ಬಂದ ಮಾತು ಹೇಗೆ ಸಾಕ್ಷ್ಯವಾಗುತ್ತದೆ, ಆ ಸಾಕ್ಷ್ಯ ಹೇಗೆ ಒಂದು ತೀರ್ಮಾನವಾಗುತ್ತದೆ, ಆ ತೀರ್ಮಾನಕ್ಕೆ ಕಾರಣ ಹೇಗೆ ಹುಟ್ಟುತ್ತದೆ, ಇದನ್ನು ಅವರು ದಿನಾ ಕೈಯಾರೆ ಮಾಡಿರುತ್ತಾರೆ. ಪುಸ್ತಕದಲ್ಲಿ ಸಿಗುವುದು ಬೆಂದ ಅನ್ನ. ಅಕ್ಕಿ ಆರಿಸುವುದನ್ನು ತೋರಿಸಬೇಕಾದವರು ಇವರು.

ಒಂದು ಉದಾಹರಣೆ ಹೇಳುತ್ತೇನೆ. ನಾನಿನ್ನೂ ಕಿರಿಯ ವಕೀಲನಾಗಿದ್ದಾಗ ಒಂದು ಹೊಡೆದಾಟದ ಕೇಸು. ಜಡ್ಜ್ ದಕ್ಷಿಣದ ಕಡೆಯವರು, ನಮ್ಮ ಭಾಗಕ್ಕೆ ಹೊಸಬರು. ಸಾಕ್ಷಿ ಹೇಳಿದ: "ಕತ್ತಲಿತ್ತು ರೀ. ಆದ್ರ ದನಿ ಕೇಳಿ ನಾ ಅವನ ಖೂನ ಹಿಡದೆ." ಜಡ್ಜ್ ತಲೆ ಎತ್ತಿ, "ಯಾರ ಖೂನಿ?" ಅಂತ ಕೇಳಿದರು. ಕೋರ್ಟ್ ಹಾಲಿನಲ್ಲಿ ಒಂದು ಕ್ಷಣ ಯಾರಿಗೂ ಮಾತೇ ಇಲ್ಲ. ಹಿರಿಯ ವಕೀಲರೊಬ್ಬರು ಎದ್ದು, "ಸ್ವಾಮಿ, ನಮ್ಮ ಕಡೆ ಖೂನ ಅಂದರೆ ಗುರುತು. ದನಿ ಕೇಳಿ ಗುರುತು ಹಿಡಿದೆ ಅಂತಿದ್ದಾನೆ" ಅಂದರು. ಅವರು ಎದ್ದು ನಿಲ್ಲದಿದ್ದರೆ ಕಾಗದದ ಮೇಲೆ ಏನು ಇಳಿಯುತ್ತಿತ್ತೋ. ಆ ಜಡ್ಜ್ ಒಳ್ಳೆಯವರು. ಅವತ್ತಿನಿಂದ ಸಾಕ್ಷಿಯ ಇಂಥ ಮಾತುಗಳನ್ನು ಅವನದೇ ಶಬ್ದದಲ್ಲಿ ಬರೆಸತೊಡಗಿದರು.

ನಾನು ಗುರುತಿನ ಸಾಕ್ಷ್ಯದ ಪಾಠವನ್ನು ಈ ಖೂನದಿಂದಲೇ ಶುರುಮಾಡುತ್ತೇನೆ. ಬರೀ ದನಿ ಕೇಳಿ ಗುರುತು ಹಿಡಿದರೆ ಸಾಕಾ? ಆ ದನಿ ಮೊದಲು ಎಷ್ಟು ಸಲ ಕೇಳಿದ್ದ? ಎಷ್ಟು ದೂರದಲ್ಲಿದ್ದ? ಗುರುತು ಪರೇಡ್ ಬೇಕಿತ್ತಾ, ಮೊದಲೇ ಪರಿಚಯ ಇದ್ದರೆ ಬೇಡವಾ? ಕ್ಲಾಸು ತಾನಾಗಿಯೇ ಎದ್ದು ಕೂರುತ್ತದೆ. ಕಾಕಾ, ಮುತ್ಯಾ, ಆಯಿ ಅನ್ನುವ ಸಂಬಂಧಗಳೂ ಹಾಗೇ. ಕಾಕಾ ಅಂತ ನಮ್ಮೂರ ಸಾಕ್ಷಿ ಅಪ್ಪನ ತಮ್ಮನಿಗೂ ಅನ್ನುತ್ತಾನೆ, ಓಣಿಯ ಹಿರಿಯನಿಗೂ ಅನ್ನುತ್ತಾನೆ. ಆಸ್ತಿಯ ದಾವೆಯಲ್ಲಿ 'ಯಾವ ಕಾಕಾ' ಅಂತ ಕೇಳದೆ ಬರೆದುಕೊಂಡರೆ ವಂಶಾವಳಿಯೇ ತಪ್ಪುತ್ತದೆ. ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇಟ್ಟಿರುವುದು ಸುಮ್ನೆ ಅಲ್ಲ. ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪು ಇವುಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ನಮ್ಮ ಭಾಗದ ಹುಡುಗರು ಈ ಪತ್ರಿಕೆ ಸುಲಭ ಅಂದುಕೊಳ್ಳುತ್ತಾರೆ. ಸುಲಭ ಅಲ್ಲ.

ಇನ್ನೊಂದು ಪಾಠ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಒಂದು ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ದಾವೆ. ಇದು ನಾನೇ ಕಟ್ಟಿದ ಸಮಸ್ಯೆ, ಆದರೆ ಇಂಥದು ನಿಮ್ಮ ತಾಲೂಕಿನ ಕೋರ್ಟಿನಲ್ಲೂ ಇದ್ದೇ ಇರುತ್ತದೆ. ಅಪ್ಪನಿಗೆ ಪಿತ್ರಾರ್ಜಿತವಾಗಿ ಬಂದ 9 ಎಕರೆ ತೊಗರಿ ಹೊಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳ ಮದುವೆ 1990ರಲ್ಲಿ ಆಗಿದೆ. ತಾಯಿ ಮೊದಲೇ ತೀರಿದ್ದಾಳೆ, ಅಪ್ಪ 2001ರಲ್ಲಿ ತೀರಿದ. ಅಣ್ಣಂದಿರು ಹೇಳುತ್ತಾರೆ: 1998ರಲ್ಲೇ ಬಾಯಿಮಾತಿನಲ್ಲಿ ವಾಟ್ನಿ ಆಗಿದೆ, ಊರ ಹಿರಿಯರು ಇದ್ದರು, ತಂಗಿಗೆ ಏನೂ ಬರುವುದಿಲ್ಲ.

ಮೊದಲು ಲೆಕ್ಕ ಮಾಡಿಸುತ್ತೇನೆ. ಹಳೆಯ ಕಾನೂನಿನ ಪ್ರಕಾರ ಅಪ್ಪ, ಇಬ್ಬರು ಗಂಡುಮಕ್ಕಳು, ತಲಾ 3 ಎಕರೆ. ಅಪ್ಪನ 3 ಎಕರೆಯಲ್ಲಿ ಮೂವರು ಮಕ್ಕಳಿಗೆ ಒಂದೊಂದು. ಅಂದರೆ ಮಗಳಿಗೆ 1 ಎಕರೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಇಡೀ ದೇಶಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೆ ಆ ತಿದ್ದುಪಡಿ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನಮ್ಮ ಕಥೆಯ ಮಗಳು ಅಲ್ಲಿ ಸಿಕ್ಕಿಬಿದ್ದಳು. ಆಮೇಲೆ 2005ರ ಕೇಂದ್ರ ತಿದ್ದುಪಡಿ ಬಂತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಹೇಳಿತು. ಈಗ ಲೆಕ್ಕ: ಅಪ್ಪ, ಇಬ್ಬರು ಗಂಡುಮಕ್ಕಳು, ಮಗಳು, ನಾಲ್ಕು ಪಾಲು. ಅಪ್ಪನ ಪಾಲು ಮತ್ತೆ ಮೂವರಿಗೆ. ಕೊನೆಗೆ ಮೂವರಿಗೂ ಮೂರು ಮೂರು ಎಕರೆ. ಒಂದು ಎಕರೆಗೂ ಮೂರು ಎಕರೆಗೂ ಇರುವ ವ್ಯತ್ಯಾಸ ಕಲಬುರಗಿ ಕಡೆಯ ಹುಡುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಆದ ಮೇಲೆ ತೀರ್ಪು ಬರೆಯಿರಿ ಅನ್ನುತ್ತೇನೆ. ಮೊದಲ ಸಲ ಹೆಚ್ಚಿನವರು ನಾಲ್ಕು ಸಾಲು ಬರೆಯುತ್ತಾರೆ: ಸುಪ್ರೀಂ ಕೋರ್ಟಿನ ತೀರ್ಪಿನಂತೆ ದಾವೆ ಡಿಕ್ರಿ ಮಾಡಲಾಗಿದೆ. ನಾನು ವಾಪಸ್ ಕೊಡುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 4ನೇ ನಿಯಮ ಓದಿಸುತ್ತೇನೆ. ಪ್ರಕರಣದ ಸಂಕ್ಷಿಪ್ತ ವಿವರ, ತೀರ್ಮಾನಿಸಬೇಕಾದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಆ ತೀರ್ಮಾನಕ್ಕೆ ಕಾರಣಗಳು. ನಾಲ್ಕೂ ಬೇಕು. ಆಮೇಲೆ ಕೇಳುತ್ತೇನೆ: "ನಿಮ್ಮ ತೀರ್ಪನ್ನ ಎಲ್ಲರಿಗಿಂತ ಜಾಸ್ತಿ ಗಮನ ಇಟ್ಟು ಓದೋರು ಯಾರು?" ತಂಗಿ ಅನ್ನುತ್ತಾರೆ, ವಕೀಲರು ಅನ್ನುತ್ತಾರೆ. ಗೆದ್ದ ತಂಗಿ ಕೊನೆಯ ಪುಟ ನೋಡಿ ಮನೆಗೆ ಹೋಗುತ್ತಾಳೆ. ಪುಟಪುಟ ತಿರುವಿ ಓದಿಸಿಕೊಳ್ಳುವವನು ಸೋತ ಅಣ್ಣ. ಅವನು ಒಪ್ಪದೇ ಇರಬಹುದು, ಸಿಟ್ಟಾಗಬಹುದು. ಆದರೆ ತಾನು ಯಾಕೆ ಸೋತೆ ಅಂತ ಅವನಿಗೆ ತಿಳಿಯಬೇಕು. ಅವನು ಹೇಳಿದ ವಾಟ್ನಿಯ ಮಾತನ್ನು ಜಡ್ಜ್ ಕೇಳಿದ್ದಾರೆ, ತೂಗಿದ್ದಾರೆ, ಆಮೇಲೆ ಬಿಟ್ಟಿದ್ದಾರೆ ಅಂತ ಕಾಗದದಲ್ಲಿ ಕಾಣಬೇಕು.

ಎರಡನೇ ಸಲ ಬರೆದಾಗ ಒಬ್ಬ ಹುಡುಗ, ಒಕ್ಕಲುತನದ ಮನೆಯವನು, ಪಹಣಿಯ ಮೇಲೆಯೇ ಪೂರ್ತಿ ಒಂದು ಪುಟ ಬರೆದಿದ್ದ. 1998ರಲ್ಲಿ ವಾಟ್ನಿ ಆಗಿದ್ದರೆ ಮಾಲೀಕರ ಹೆಸರಿರುವ 9ನೇ ಕಾಲಮಿನಲ್ಲಿ ಅಪ್ಪನ ಹೆಸರೇ 2001ರವರೆಗೆ ಯಾಕೆ ಉಳಿಯಿತು? ಅಣ್ಣಂದಿರ ಹೆಸರು 12ನೇ ಕಾಲಮಿನಲ್ಲಿ ಸಾಗುವಳಿದಾರರೆಂದು ಬಂದಿದೆ ನಿಜ. ಆದರೆ ಅಪ್ಪನಿಗೆ ವಯಸ್ಸಾದಾಗ ಮಕ್ಕಳು ಹೊಲ ಮಾಡುವುದು ರೂಢಿ, ಅದರಿಂದ ಪಾಲಾಗಿದೆ ಅಂತ ಹೇಳಲಾಗದು. ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಯ ಬಲವಿಲ್ಲದೆ ಸುಲಭಕ್ಕೆ ಒಪ್ಪಬಾರದು ಅಂತ ವಿನೀತಾ ಶರ್ಮಾ ತೀರ್ಪೇ ಹೇಳುತ್ತದೆ. ಹುಡುಗ ಅದನ್ನು ಕೊನೆಗೆ ಒಂದೇ ಸಾಲಿನಲ್ಲಿ ಹಾಕಿದ್ದ. ಮೊದಲು ತನ್ನ ಕಾರಣ, ಆಮೇಲೆ ದೊಡ್ಡ ಕೋರ್ಟಿನ ಮಾತು. ಆ ಹಾಳೆಯನ್ನು ನಾನು ಇಟ್ಟುಕೊಂಡಿದ್ದೇನೆ. ಅವನ ಕನ್ನಡದಲ್ಲಿ ಕಾಗುಣಿತದ ತಪ್ಪುಗಳಿದ್ದವು. ಆದರೆ ಸೋತ ಅಣ್ಣ ಅದನ್ನು ಓದಿದ್ದರೆ ತಲೆ ಕೆರೆದುಕೊಂಡಾದರೂ ಸುಮ್ಮನಾಗುತ್ತಿದ್ದ.

ನಮ್ಮ ಭಾಗದಲ್ಲಿ ಪಾಠ ಮಾಡುವುದಕ್ಕೆ ಇನ್ನೊಂದು ಕಾರಣದಿಂದಲೂ ಹಳೆಯ ಜಡ್ಜುಗಳು ಬೇಕು. ಕಲಬುರಗಿ, ಬೀದರ್, ಯಾದಗಿರಿ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆಗಿನ ಕೋರ್ಟು ಕಚೇರಿಗಳ ಭಾಷೆ ಉರ್ದು. ಇವತ್ತಿಗೂ ಜಮೀನಿನ ದಾವೆಯಲ್ಲಿ 1954-55ರ ಖಾಸ್ರಾ ಪಹಣಿ ಹೊರಗೆ ಬರುತ್ತದೆ. 1950ರ ಹೈದರಾಬಾದ್ ಗೇಣಿ ಕಾಯ್ದೆಯ ಸಂರಕ್ಷಿತ ಗೇಣಿದಾರ ಯಾರು, 1974ರ ಮಾರ್ಚ್ 1ರ ನಂತರ ಭೂಸುಧಾರಣೆಯಲ್ಲಿ ಫಾರಂ 7, ಅಂದರೆ ಗೇಣಿದಾರರು ಹೊಲದ ಹಕ್ಕು ಕೇಳುವ ಅರ್ಜಿ, ಹಾಕಿದವರು ಯಾರು, ಈ ಎರಡರ ನಡುವಿನ ಕೊಂಡಿ ಗೊತ್ತಿಲ್ಲದೆ ಇಲ್ಲಿ ವಕೀಲಿ ಮಾಡಲಾಗದು. ಬೆಂಗಳೂರಿನಲ್ಲಿ ಅಚ್ಚಾದ ಗೈಡುಗಳಲ್ಲಿ ಇದು ಸಿಗುವುದು ಕಷ್ಟ. ಒಮ್ಮೆ ನಾನು ಉರ್ದು ಕಾಗದವೊಂದರ ನಕಲು ಕ್ಲಾಸಿಗೆ ಒಯ್ದಿದ್ದೆ. ಯಾರಿಗೂ ಓದಲು ಬರುವುದಿಲ್ಲ ಅಂದುಕೊಂಡಿದ್ದೆ. ಹಿಂದಿನ ಸಾಲಿನಲ್ಲಿ ಯಾವಾಗಲೂ ಸುಮ್ಮನೆ ಕೂರುವ ಹುಡುಗಿ ಎದ್ದು ಬಂದು ಗಡಗಡ ಓದಿದಳು, ಆಮೇಲೆ ಒಂದೊಂದೇ ಸಾಲಿನ ಕನ್ನಡ ಹೇಳಿದಳು. ಅವತ್ತು ಕ್ಲಾಸಿಗೆ ಅವಳೇ ಮಾಸ್ತರಳು. ಅವಳಿಗೆ ಈ ಜಿಲ್ಲೆಯಲ್ಲಿ ಎಂಥ ದೊಡ್ಡ ಕೆಲಸ ಕಾದಿದೆ ಅಂತ ಬಹುಶಃ ಅವತ್ತೇ ಅವಳಿಗೂ ಗೊತ್ತಾಯಿತು.

ಈಗ ದಾರಿಯ ವಿಷಯ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ನೇಮಕಕ್ಕೆ ಕನಿಷ್ಠ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿದೆ. ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಆ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಜಡ್ಜ್ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವನ್ನೂ ಸೇರಿಸಿಕೊಳ್ಳಬಹುದು. ಡಿಗ್ರಿ ಮುಗಿದ ಕೂಡಲೇ ಪರೀಕ್ಷೆ ಬರೆಯುವ ಆಸೆಯಿದ್ದವರಿಗೆ ಬೇಸರವಾಗಿದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಮನೆಯವರು ಮೂರು ವರ್ಷ ಕಾಯುತ್ತಾರಾ ಅನ್ನುವ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಈ ನಿಯಮದ ಪರ. ವಕೀಲರ ಕುರ್ಚಿಯಲ್ಲಿ ಕೂತು ಕಕ್ಷಿದಾರ ಮುಂದಿನ ತಾರೀಖಿಗೆ ಊರಿಂದ ಬಸ್ ಚಾರ್ಜ್ ಹೊಂದಿಸುವುದನ್ನು ನೋಡದವರು, ಆಮೇಲೆ ಮೇಲೆ ಕೂತು ತಾರೀಖು ಕೊಡುವುದು ತೀರಾ ಸುಲಭವಾಗಿಬಿಡುತ್ತದೆ.

ಆ ಮೂರು ವರ್ಷದಲ್ಲೇ ನಿಮ್ಮ ಎರಡನೇ ದೋಣಿಯ ರುಚಿಯನ್ನೂ ನೋಡಬಹುದು. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಲು ಕೇಂದ್ರ ಸರ್ಕಾರದ 1979ರ ನಿಯಮದಲ್ಲೇ ಅವಕಾಶವಿದೆ. ಅದೇ ಸಮಯದಲ್ಲಿ ಎಲ್‌ಎಲ್‌ಎಂ ಮಾಡಿಕೊಳ್ಳಿ, ಸಾಧ್ಯವಾದರೆ ಕಾಲೇಜು ಮಾಸ್ತರಿಕೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಕೂಡ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಜಡ್ಜ್ ಆದ ಮೇಲೆ ಓದಲಿಕ್ಕೆ ಅನುಮತಿ ಬೇಕು, ಅದಕ್ಕಿಂತ ಹೆಚ್ಚಾಗಿ ಸಮಯ ಬೇಕು, ಅದು ಸಿಗುವುದಿಲ್ಲ. ನೌಕರಿಯಲ್ಲಿರುವಾಗ ಬೇರೆ ಸಂಬಳದ ಪಾಠ ಇಲ್ಲ.

ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎರಡು ಮಾತು ಸಾಕು. ಸಿವಿಲ್ ಜಡ್ಜ್ ಮೂಲ ವೇತನ ಈಗ 77,840 ರೂಪಾಯಿಯಿಂದ ಶುರು. ಹಣದ ಕಷ್ಟವಿಲ್ಲ. ಕಷ್ಟ ಒಂಟಿತನದ್ದು. ಸ್ವಂತ ಊರಿನಲ್ಲಿ ಕೆಲಸವಿಲ್ಲ, ಮೂರ್ನಾಲ್ಕು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕು, ಊರಿನವರ ಮದುವೆ-ಮುಂಜಿಗೆ ಕರೆದರೂ ಹೋಗುವ ಹಾಗಿಲ್ಲ. ನಾಳೆ ಅವರದೇ ಕೇಸು ನಿಮ್ಮ ಮುಂದೆ ಬರಬಹುದು. ನನ್ನ ಮಗಳು ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ನಾಲ್ಕು ಶಾಲೆ ಬದಲಾಯಿಸಿದ್ದಳು. 'ಪ್ರತಿ ಸಲ ಹೊಸ ಗೆಳತಿ ಮಾಡ್ಕೊಳೋದು ಸಾಕಾಗ್ಯದ ಪಪ್ಪಾ' ಅಂದಿದ್ದು ನನಗೆ ಇನ್ನೂ ನೆನಪಿದೆ. ನಿಮ್ಮ ಮನೆಯವರ ಹತ್ತಿರ ಮಾತಾಡುವಾಗ ಇದನ್ನೂ ಹೇಳಿ.

ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಂಗದವರ ನಿವೃತ್ತಿ 60ಕ್ಕೆ. ಹೈಕೋರ್ಟಿನಲ್ಲಿ 62, ಸುಪ್ರೀಂ ಕೋರ್ಟಿನಲ್ಲಿ 65. ಅರವತ್ತರ ನಂತರ ಕಾಲೇಜಿನ ಕಾಯಂ ಹುದ್ದೆ ಸಿಗುವುದಿಲ್ಲ, ಆದರೆ ಬಾಗಿಲು ಮುಚ್ಚಿಲ್ಲ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಕ್ಲಿನಿಕಲ್ ವಿಷಯಗಳಿಗೆ, ಅಂದರೆ ಡ್ರಾಫ್ಟಿಂಗ್, ವೃತ್ತಿ ನೀತಿ, ರಾಜಿ-ಮಧ್ಯಸ್ಥಿಕೆ, ಅಣಕು ನ್ಯಾಯಾಲಯ, ಇವುಗಳಿಗೆ ಹತ್ತು ವರ್ಷ ಅನುಭವವಿರುವ ವಕೀಲರನ್ನೂ ನಿವೃತ್ತ ನ್ಯಾಯಾಧಿಕಾರಿಗಳನ್ನೂ ತೆಗೆದುಕೊಳ್ಳಬಹುದು ಅಂತಿದೆ. ನಿಮ್ಮ ಮಾಸ್ತರು ಬಂದಿರುವುದೂ ಇದೇ ದಾರಿಯಲ್ಲಿ ಇರಬೇಕು. 2022ರಲ್ಲಿ ಯುಜಿಸಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅನ್ನುವ ವ್ಯವಸ್ಥೆ ತಂದಿತು. ಹದಿನೈದು ವರ್ಷ ಅನುಭವವಿರುವವರು ಪಿಎಚ್‌ಡಿ ಇಲ್ಲದೆಯೂ ಪಾಠಕ್ಕೆ ಬರಬಹುದು, ಕಾನೂನು ವೃತ್ತಿಯವರೂ ಅದರಲ್ಲಿ ಸೇರಿದ್ದಾರೆ. ಇದು ಕೆಲವೇ ವರ್ಷದ ಕೆಲಸ, ಕಾಯಂ ಅಲ್ಲ.

ದೊಡ್ಡವರ ಉದಾಹರಣೆ ಬೇಕೆಂದರೆ ಇವೆ. ಪಿ.ಬಿ. ಗಜೇಂದ್ರಗಡಕರ್ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ 1966ರಲ್ಲಿ ನಿವೃತ್ತರಾದ ಮೇಲೆ ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟರು, ಲೋಕಸಭೆಯ ಸ್ಪೀಕರ್ ಆದರು, 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದರು. ಹೈಕೋರ್ಟಿನಿಂದ ನಿವೃತ್ತರಾದ ಎಚ್.ಎನ್. ನಾಗಮೋಹನ್ ದಾಸ್ ಕಾಲೇಜು ಕಾಲೇಜಿಗೆ ಹೋಗಿ ಹುಡುಗರಿಗೆ ಸಂವಿಧಾನ ಓದಿಸುತ್ತಾ ಬಂದರು. ನನಗೆ ಮೂವರಲ್ಲೂ ಗೌರವವಿದೆ, ಹೆಚ್ಚು ಹತ್ತಿರ ಅನ್ನಿಸುವುದು ಮೂರನೆಯವರ ಕೆಲಸ. ಕನ್ನಡದಲ್ಲಿ, ಹುಡುಗರ ಎದುರಿಗೆ ನಿಂತು, ಅವರ ಪ್ರಶ್ನೆಗೆ ಉತ್ತರ ಕೊಡುವುದು. ಇನ್ನು ಉಲ್ಟಾ ದಾರಿ, ಮಾಸ್ತರಿಂದ ಜಡ್ಜ್ ಆಗುವುದು, ಕಾಗದದ ಮೇಲೆ ಇದೆ. ಸಂವಿಧಾನದ 124ನೇ ವಿಧಿ ಹೆಸರಾಂತ ನ್ಯಾಯಶಾಸ್ತ್ರಜ್ಞರನ್ನು ನೇರವಾಗಿ ಸುಪ್ರೀಂ ಕೋರ್ಟಿಗೆ ತೆಗೆದುಕೊಳ್ಳಬಹುದು ಅನ್ನುತ್ತದೆ. ಇಲ್ಲಿಯವರೆಗೆ ಒಬ್ಬರನ್ನೂ ಹಾಗೆ ತೆಗೆದುಕೊಂಡಿಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ.

ಹಾಗೆಂದು ದೂರದ ಹೆಸರುಗಳನ್ನೇ ನೋಡುತ್ತಾ ಕೂರಬೇಡಿ. ನಾನು ವಕೀಲನಾಗಿದ್ದಾಗ ಹೈಕೋರ್ಟ್ ಅಂದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಮೇಲ್ಮನವಿಗಳೆಲ್ಲ ಈಗ ಕಲಬುರಗಿಗೇ ಬರುತ್ತವೆ. ನಿಮ್ಮ ಕಾಲೇಜಿನಿಂದ ಆಟೋದಲ್ಲಿ ಹೋಗಿ ಹೈಕೋರ್ಟಿನ ವಾದ ಕೇಳಬಹುದು. ನಮಗೆ ಅದು ಇರಲಿಲ್ಲ. ವಾರಕ್ಕೊಂದು ದಿನ ಜಿಲ್ಲಾ ಕೋರ್ಟಿನಲ್ಲಿ ಕೂತು ಒಂದು ಪಾಟೀಸವಾಲು ಪೂರ್ತಿ ಕೇಳಿ, ಸಾಕ್ಷಿಯ ಮಾತನ್ನು ಅವನ ಶಬ್ದದಲ್ಲೇ ಬರೆದುಕೊಳ್ಳಿ. ಪರೀಕ್ಷೆಯ ತೀರ್ಪು ಬರೆಯುವ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಕೊನೆಗೆ ಒಂದು ವಿಷಯ. ನಾನು ಪ್ರತಿ ವರ್ಷ ಒಂದು ದಿನ ನನ್ನದೇ ತೀರ್ಪೊಂದನ್ನು ಕ್ಲಾಸಿಗೆ ಒಯ್ಯುತ್ತೇನೆ. ಅದು ಮೇಲಿನ ಕೋರ್ಟಿನಲ್ಲಿ ರದ್ದಾದ ತೀರ್ಪು. ಕಕ್ಷಿದಾರರ, ಊರಿನ ಹೆಸರು ಅಳಿಸಿರುತ್ತೇನೆ. ಆ ಕೇಸಿನಲ್ಲಿ ಒಬ್ಬ ಅಜ್ಜಿ ಮುಖ್ಯ ಸಾಕ್ಷಿ. ಪ್ರತಿ ಪ್ರಶ್ನೆಗೂ ತಡೆದು ತಡೆದು ಉತ್ತರ ಕೊಟ್ಟಳು, ಕೆಲವಕ್ಕೆ ಸಂಬಂಧವಿಲ್ಲದ ಉತ್ತರ ಹೇಳಿದಳು. ಸಾಕ್ಷಿಯ ವರ್ತನೆಯ ಬಗ್ಗೆ ಟಿಪ್ಪಣಿ ಬರೆಯಲು 18ನೇ ಆದೇಶದ 12ನೇ ನಿಯಮದಲ್ಲಿ ಜಡ್ಜ್‌ಗೆ ಅಧಿಕಾರವಿದೆ. ಆ ಅಧಿಕಾರದಲ್ಲಿ ನಾನು, ಈಕೆ ಸತ್ಯ ಮುಚ್ಚಿಡಲು ನುಣುಚಿಕೊಳ್ಳುತ್ತಿದ್ದಾಳೆ ಅಂತ ಬರೆದೆ, ಆಕೆಯ ಮಾತನ್ನು ನಂಬಲಿಲ್ಲ. ಆಕೆಯ ಕಡೆಯವರು ಸೋತರು.

ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಮೇಲಿನ ಕೋರ್ಟಿನವರು ಅಜ್ಜಿಯನ್ನು ನೋಡಿಯೇ ಇರಲಿಲ್ಲ. ನಾನು ಬರೆಸಿದ ಹೇಳಿಕೆಯನ್ನಷ್ಟೇ ಓದಿದ್ದರು. ಅದರಲ್ಲಿ ಆರೇಳು ಕಡೆ ಉತ್ತರದ ಮೊದಲು 'ಏನಂದ್ರಿ?' ಅಂತ ಇತ್ತು. ಸಾಕ್ಷಿಯ ಮಾತನ್ನು ಅವರದೇ ಶಬ್ದದಲ್ಲಿ ಬರೆಸುವ ಅಭ್ಯಾಸ ನನಗಿತ್ತು, ಅದನ್ನು ಬರೆಸಿದವನೂ ನಾನೇ. ಅಜ್ಜಿಗೆ ಕಿವಿ ಮಂದ. ಎರಡು ಮಾರು ದೂರದಲ್ಲಿ ಕೂತಿದ್ದ ನನಗೆ ಅದು ತಿಳಿಯಲಿಲ್ಲ. ನೂರಾರು ಕಿಲೋಮೀಟರ್ ಆಚೆ ಕೂತು ಕಾಗದ ಓದಿದವರಿಗೆ ತಿಳಿಯಿತು.

ಕ್ಲಾಸಿನಲ್ಲಿ ಮೊದಲು ಅಜ್ಜಿಯ ಹೇಳಿಕೆ ಓದಿಸುತ್ತೇನೆ, ಆಮೇಲೆ ನನ್ನ ತೀರ್ಪು, ಕೊನೆಗೆ ಮೇಲಿನ ಕೋರ್ಟಿನದು. ನನ್ನ ಪರವಾಗಿ ಒಂದು ಮಾತೂ ಹೇಳುವುದಿಲ್ಲ. ಮೊದಲ ಸಲ ತರುವಾಗ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಅವತ್ತು ಹುಡುಗರು ನನ್ನ ಮುಖ ನೋಡುವುದನ್ನು ಬಿಟ್ಟು ಕಾಗದ ನೋಡಿದರು. ಮೊದಲ ದಿನ ಕೈಮುಗಿದು ನಿಂತಿದ್ದ ಹುಡುಗ ಎದ್ದು, "ಸರ್, ನೀವು ಆಕಿನ್ನ ಹತ್ರ ಕರ್ದು ಕೇಳಬೇಕಾಗಿತ್ತು" ಅಂದ. ಹೌದು, ಕೇಳಬೇಕಾಗಿತ್ತು.

ನಿಮ್ಮ ಮಾಸ್ತರ ಬಳಿಯೂ ಅಂಥ ಒಂದು ತೀರ್ಪು ಇದ್ದೇ ಇರುತ್ತದೆ. ಸೆಮಿಸ್ಟರ್ ಮುಗಿಯುವುದರೊಳಗೆ, ಅದನ್ನೊಮ್ಮೆ ಓದಿಸ್ತೀರಾ ಸರ್ ಅಂತ ಅವರನ್ನು ಕೇಳಿ ನೋಡಿ.